ಕುಳಗಿ ಕ್ಯಾಂಪಿಗೆ ಹೊರಟವರಿಗೆ

ರಜೆ ಬಂತು ಅಂದರೆ ನಮ್ಮ ಬೆಳಗಾವಿ ಮಂದಿ ದಾಂಡೇಲಿ ಕಡೆ ಗಾಡಿ ತಿರುಗಿಸುತ್ತಾರೆ. ರೆಸಾರ್ಟ್ ಬೇಡ, ಕಾಡಿನ ಹತ್ತಿರವೇ ಮಲಗಬೇಕು ಅನ್ನುವವರು ಅರಣ್ಯ ಇಲಾಖೆಯ ಕುಳಗಿ ಕ್ಯಾಂಪ್ ನೋಡಿ. ದಾಂಡೇಲಿ ದಾಟಿ ಅಂಬಿಕಾನಗರ ರಸ್ತೆಯಲ್ಲಿ ಸಿಗುತ್ತದೆ. 1987ರಲ್ಲಿ ಘೋಷಣೆಯಾದ ಅಣಶಿ ರಾಷ್ಟ್ರೀಯ ಉದ್ಯಾನವೂ ಈ ಕಾಡೂ ಈಗ ಒಂದೇ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಮೊದಲೇ ಬುಕ್ ಮಾಡಿ, ಶನಿವಾರ ಸುಮ್ನೆ ಹೋಗಿ ನಿಂತರೆ ಜಾಗ ಸಿಗೋದು ಕಷ್ಟ.

ಮುಖ್ಯವಾದದ್ದು ತಿಂಡಿ ವಿಷಯ. ನಾವು ಶೇಂಗಾ ಹೋಳಿಗೆ, ಚುರುಮುರಿ, ಕುಂದಾ ಕಟ್ಟಿಕೊಳ್ಳದೆ ಎಲ್ಲಿ ಹೊರಡ್ತೀವಿ ಹೇಳಿ? ಆದರೆ ಟೆಂಟಿನೊಳಗೆ ಒಂದು ಬಿಸ್ಕಿಟ್ ಪುಡಿಯೂ ಬೇಡ. ವಾಸನೆ ಹಿಡಿದು ಮಂಗ ಬರುತ್ತವೆ, ರಾತ್ರಿ ಇರುವೆ, ಇಲಿ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ಕಾರಿನಲ್ಲಿಡಿ, ಗಾಜು ಪೂರ್ತಿ ಏರಿಸಿ. ಮಂಗಗಳಿಗೆ ಕೈಯಾರೆ ತಿನ್ನಿಸುವ ಪುಣ್ಯವೂ ಬೇಡ. ಆಮೇಲೆ ಬಂದವರ ಚೀಲ ಅವು ಕಿತ್ತುಕೊಳ್ಳುತ್ತವೆ.

ಮಳೆಗಾಲದಲ್ಲಿ ಜಿಗಣೆ ಜಾಸ್ತಿ. ಪ್ಯಾಂಟಿನ ತುದಿಯನ್ನು ಉದ್ದ ಸಾಕ್ಸ್ ಒಳಗೆ ತೂರಿಸಿ. ಹತ್ತಿದರೆ ಎಳೆಯಬೇಡಿ, ಉಗುರಿನಿಂದ ಬಾಯಿ ಕಡೆಯಿಂದ ಜಾರಿಸಿ ಬಿಡಿಸಿ. ಟಾರ್ಚ್, ಕೈಯಲ್ಲಿ ಸ್ವಲ್ಪ ನಗದು ಇರಲಿ, ಮೊಬೈಲ್ ಸಿಗ್ನಲ್ ನಂಬಬೇಡಿ. ಚಳಿಗಾಲಕ್ಕೆ ದಪ್ಪ ಚಾದರ.

ಹುಲಿ ನೋಡೇ ಬರಬೇಕು ಅಂತ ಹಟ ಬೇಡ. ಕಾಡು ದಟ್ಟ, ಕಾಣೋದು ಅಪರೂಪ. ನನ್ನ ಕೇಳಿದರೆ ಮಂಗಟ್ಟೆ ಹಕ್ಕಿಗಾಗಿಯೇ ಹೋಗಬೇಕು. ದಾಂಡೇಲಿಯ ಟಿಂಬರ್ ಡಿಪೋ ಹತ್ತಿರ ಬೆಳಿಗ್ಗೆ ಬೇಗ ಹೋಗಿ ನಿಲ್ಲಿ, ಮಕ್ಕಳಿಗೆ ದುರ್ಬೀನು ಕೊಡಿ.