ಕಡಲೆಕಾಯಿ ಪರಿಷೆಗೆ ಸ್ವಯಂಸೇವಕರಾಗಿ ಬರುವ ಹೈಸ್ಕೂಲ್ ಮಕ್ಕಳಿಗೆ

ಬಸವನಗುಡಿಗೆ ಹತ್ತಿರದ ಒಂದು ಹೈಸ್ಕೂಲಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆಯ ಗೈಡ್ ಕ್ಯಾಪ್ಟನ್, ಅಂದರೆ ಸ್ಕೌಟ್ಸ್ ಮತ್ತು ಗೈಡ್ಸ್‌ನ ಗೈಡ್ ತಂಡ ನಡೆಸುವವಳು ಕೂಡ ನಾನೇ. ಬೆಂಗಳೂರಿನ ಬಸವನಗುಡಿಯಲ್ಲಿ, ದೊಡ್ಡ ಬಸವಣ್ಣನ ದೇವಸ್ಥಾನದ ಹತ್ತಿರ ಪ್ರತಿ ವರ್ಷ ಕಡಲೆಕಾಯಿ ಪರಿಷೆ, ಅಂದರೆ ಕಡಲೆಕಾಯಿ ಜಾತ್ರೆ ನಡೆಯುತ್ತದೆ. ದಸರಾ ರಜೆ ಮುಗಿದ ಕೂಡಲೇ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತಾರೆ. "ಮಿಸ್, ಈ ಸಲ ಪರಿಷೆಗೆ ನಾವೂ ಬರ್ತೀವಿ." ಏನು ಮಾಡೋಕೆ ಅಂತ ಕೇಳಿದರೆ "ಹೆಲ್ಪ್ ಮಾಡೋಕೆ" ಅನ್ನುತ್ತಾರೆ. ಆ ಮನಸ್ಸು ನನಗೆ ತುಂಬಾ ಇಷ್ಟ. ಆದರೆ ಲಕ್ಷಗಟ್ಟಲೆ ಜನ ಸೇರುವ ಕಡೆ ಯಾರಿಗೆ, ಎಲ್ಲಿ, ಎಷ್ಟು ಹೊತ್ತು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಸ್ಥಾನದ ಹತ್ತಿರವೂ ಕಡಲೆಕಾಯಿ ಪರಿಷೆ ನಡೆಯುತ್ತದೆ. ಅಲ್ಲಿಗೂ, ನಿಮ್ಮೂರಿನ ತೇರಿಗೂ, ಇಲ್ಲಿ ಹೇಳುವ ಹೆಚ್ಚಿನ ಮಾತು ಹೊಂದುತ್ತದೆ.

ಪರಿಷೆ ಕಾರ್ತಿಕ ಮಾಸದ ಕಡೆಯ ಸೋಮವಾರ. 2025ರಲ್ಲಿ ಅದು ನವೆಂಬರ್ 17ಕ್ಕೆ ಬಂತು, ಆ ವರ್ಷ ಪರಿಷೆ ಐದು ದಿನ ನಡೆಯಿತು. ರೈತರು ಸೋಮವಾರಕ್ಕೆ ಮೊದಲೇ, ಶನಿವಾರ ಭಾನುವಾರದ ಹೊತ್ತಿಗೇ ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ರಾಶಿ ಹಾಕಿ ಕೂತಿರುತ್ತಾರೆ. ಈ ಲೆಕ್ಕ ಗೊತ್ತಿದ್ದರೆ ನಿಮ್ಮ ಕೆಲಸ ಯಾವತ್ತು ಶುರು ಅನ್ನುವುದೂ ಗೊತ್ತಾಗುತ್ತದೆ. ಸೋಮವಾರ ಬೆಳಿಗ್ಗೆ ಬ್ಯಾಡ್ಜ್ ಹಾಕಿಕೊಂಡು ಬಂದರೆ ತಡವಾಯಿತು. ಶನಿವಾರ ಮಧ್ಯಾಹ್ನ ಕ್ಲಾಸ್ ಬಿಟ್ಟ ಮೇಲೆ ಬನ್ನಿ.

ಯಾಕೆಂದರೆ ನಮ್ಮ ಮೊದಲ ಕೆಲಸ ಮಾರುವವರ ಜೊತೆ. ಇದನ್ನು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ. ಕೊಳ್ಳಲು ಬಂದವರು ಎರಡು ಗಂಟೆ ಸುತ್ತಿ, ಬತ್ತಾಸು ಕಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. ಮಾಗಡಿ, ರಾಮನಗರ, ಚಿಂತಾಮಣಿ, ಕೋಲಾರದ ಕಡೆಯಿಂದ, ಆಂಧ್ರ, ತಮಿಳುನಾಡಿನಿಂದ ಬಂದವರು ರಾತ್ರಿಯೂ ಫುಟ್‌ಪಾತಿನ ಮೇಲೆ ಮೂಟೆ ಕಾಯುತ್ತಾ ಮಲಗುತ್ತಾರೆ. ಹೆಂಗಸರು ಜಾಸ್ತಿ. ಶೌಚಾಲಯ ಎಲ್ಲಿದೆ ಅಂತ ಅವರು ಯಾರನ್ನು ಕೇಳಬೇಕು? ಕೇಳಿದರೂ, ಅಂಗಡಿ ಬಿಟ್ಟು ಹೋಗೋದು ಹೇಗೆ?

ಇಲ್ಲಿ ನೀವು ಬೇಕು. ಇಬ್ಬರು ಹುಡುಗಿಯರು ಹೋಗಿ, "ಅಕ್ಕ, ನಾವು ಇದೇ ಏರಿಯಾದ ಸ್ಕೂಲಿನವರು. ಶೌಚಾಲಯ ಅಲ್ಲಿದೆ, ಬನ್ನಿ ತೋರಿಸ್ತೀವಿ" ಅಂದರೆ ಸಾಕು. ಒಬ್ಬಳು ಜೊತೆಗೆ ಹೋಗಲಿ, ಇನ್ನೊಬ್ಬಳು ರಾಶಿಯ ಹತ್ತಿರ ನಿಲ್ಲಲಿ. ಆ ಹತ್ತು ನಿಮಿಷ ವ್ಯಾಪಾರ ಮಾಡಲು ಹೋಗಬೇಡಿ. ಗಿರಾಕಿ ಬಂದರೆ "ಈಗ ಬರ್ತಾರೆ, ಸ್ವಲ್ಪ ಇರಿ" ಅಂತ ಹೇಳಿ. ಯಾರ ದುಡ್ಡನ್ನೂ ಮುಟ್ಟಬೇಡಿ. ಬಲವಂತ ಮಾಡಿದರೂ ಬೇಡ. ಈಗ ಎಲ್ಲ ರಾಶಿಯ ಮುಂದೆಯೂ ಫೋನ್‌ಪೇ ಚೀಟಿ ಅಂಟಿಸಿರುತ್ತಾರೆ. ವಯಸ್ಸಾದವರು "ದುಡ್ಡು ಬಂತಾ ನೋಡಮ್ಮ" ಅಂತ ಫೋನ್ ಚಾಚುತ್ತಾರೆ. ಫೋನ್ ಅವರ ಕೈಯಲ್ಲೇ ಇರಲಿ, ನೀವು ಬಗ್ಗಿ ಮೆಸೇಜ್ ಓದಿ ಹೇಳಿ. ಪಿನ್ ಒತ್ತುವ ಮಾತು ಬಂದರೆ ಮುಖ ಆ ಕಡೆ ತಿರುಗಿಸಿ.

ಕಡಲೆಕಾಯಿ ತಿನ್ನುವ ವಿಷಯವನ್ನೂ ಹೇಳಿಬಿಡುತ್ತೇನೆ. ರುಚಿ ನೋಡ್ತೀನಿ ಅಂತ ಪ್ರತಿ ರಾಶಿಯಿಂದ ಒಂದು ಹಿಡಿ ಎತ್ತಿಕೊಂಡು ಹೋಗುವ ಜನ ಬಹಳ. ಅದು ಒಬ್ಬರ ಬೆಳೆ. ಕತ್ತಿಗೆ ಸ್ಕಾರ್ಫ್ ಕಟ್ಟಿಕೊಂಡವರು ಹಾಗೆ ಮಾಡಬಾರದು. ಆದರೆ ಅಜ್ಜಿಯೊಬ್ಬರು ಪ್ರೀತಿಯಿಂದ ನಿಮ್ಮ ಕೈಗೆ ನಾಲ್ಕು ಕಾಯಿ ಇಟ್ಟರೆ ಬೇಡ ಅನ್ನಬೇಡಿ, ಅವರಿಗೆ ನೋವಾಗುತ್ತದೆ. ಮನೆಗೆ ಬೇಕಿದ್ದರೆ ನಿಮ್ಮ ಸರದಿ ಮುಗಿದ ಮೇಲೆ ಸೇರಿನ ಲೆಕ್ಕದಲ್ಲಿ ಕೊಳ್ಳಿ. ಚೌಕಾಸಿ ಮಾಡದೆ ಕೊಳ್ಳಿ ಅನ್ನುವುದು ನನ್ನ ಆಸೆ.

ನವೆಂಬರ್ ಅಂದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಏಳುವ ಕಾಲ. ಬೆಂಗಳೂರಲ್ಲಿ ಯಾವಾಗ ಜಡಿಮಳೆ ಹಿಡಿಯುತ್ತದೋ ಹೇಳಲಾಗದು. ಹಸಿ ಕಡಲೆಕಾಯಿ ನೆನೆದು ರಾಶಿಯಲ್ಲೇ ಉಳಿದರೆ ಸಿಪ್ಪೆ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಆಮೇಲೆ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ನಮ್ಮ ಮಕ್ಕಳಿಗೆ ನಾನು ಮೊದಲು ಕಲಿಸುವುದು ಗಂಟು. ಕಂಬಕ್ಕೆ ಹಗ್ಗ ಕಟ್ಟಲು ಕ್ಲೋವ್ ಹಿಚ್, ಎರಡು ಹಗ್ಗ ಸೇರಿಸಲು ಶೀಟ್ ಬೆಂಡ್. ಟಾರ್ಪಾಲಿನ ಒಂದು ಮೂಲೆಯನ್ನು ತಗ್ಗಿಸಿ ಕಟ್ಟಬೇಕು, ಇಲ್ಲದಿದ್ದರೆ ನೀರು ನಡುವೆ ನಿಂತು ಹೊಟ್ಟೆ ಬಿಟ್ಟು ರಾಶಿಯ ಮೇಲೇ ಸುರಿಯುತ್ತದೆ. ಮೋಡ ಕಂಡ ಕೂಡಲೇ ಹೋಗಿ, ಕೇಳಿ, ಕಟ್ಟಿಕೊಡಿ. ವಿದ್ಯುತ್ ಕಂಬ, ದೀಪದ ವೈರು ಸುತ್ತಿದ ಮರ, ಇವುಗಳಿಗೆ ಮಾತ್ರ ಹಗ್ಗ ಹಾಕಬೇಡಿ. ಗೈಡ್ಸ್ ಪುಸ್ತಕದಲ್ಲಿ ಗಂಟುಗಳನ್ನು ಪರೀಕ್ಷೆಗೆ ಅಂತ ಕಲಿಯುತ್ತೀರಿ. ಒಬ್ಬ ರೈತನ ಮೂಟೆ ನೆನೆಯದೆ ಉಳಿದದ್ದನ್ನು ನೋಡಿದ ಮೇಲೆ ಆ ಗಂಟು ಜೀವನದಲ್ಲಿ ಮರೆಯುವುದಿಲ್ಲ.

ಈಗ ಅನುಮತಿ. ಮನೆಯವರ ಸಹಿ ಇರುವ ಪತ್ರ ಇಲ್ಲದೆ ಯಾರೂ ಬರುವಂತಿಲ್ಲ. ಪತ್ರದಲ್ಲಿ ದಿನ, ಸಮಯ, ಜೊತೆಗಿರುವ ಶಿಕ್ಷಕರ ನಂಬರ್, ಮಗುವಿಗೆ ಇರುವ ಕಾಯಿಲೆ, ಅಲರ್ಜಿ ಎಲ್ಲ ಇರಲಿ. ಕಡಲೆಕಾಯಿ ಅಲರ್ಜಿ ಇದ್ದವರು ಈ ಪರಿಷೆಗೆ ಬರಲೇಬಾರದು. ಉಬ್ಬಸ ಇದ್ದವರಿಗೂ ಆ ದೂಳು ಒಳ್ಳೆಯದಲ್ಲ. ಅವರಿಗೆ ಶಾಲೆಯಲ್ಲೇ ಚೀಲ ಹೊಲಿಯುವ ಕೆಲಸ ಇದೆ. ದೊಡ್ಡ ಬಸವಣ್ಣನ ದೇವಸ್ಥಾನ ಮುಜರಾಯಿ ಇಲಾಖೆಗೆ ಸೇರಿದ್ದು. ಹೆಡ್‌ಮಾಸ್ಟರ ಪತ್ರವನ್ನು ಅಲ್ಲಿನ ಕಚೇರಿಗೂ, ಆ ಭಾಗದ ಪೊಲೀಸ್ ಠಾಣೆಗೂ ಎರಡು ವಾರ ಮೊದಲೇ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. ಹತ್ತನೇ ಕ್ಲಾಸಿನವರಿಗೆ ಒಂದೇ ಸರದಿ ಸಾಕು. ಎಸ್‌ಎಸ್‌ಎಲ್‌ಸಿ ಇದೆ, ಅಪ್ಪ ಅಮ್ಮಂದಿರ ಚಿಂತೆ ನನಗೆ ಅರ್ಥವಾಗುತ್ತದೆ.

ಒಂದು ಸರದಿ ಮೂರು ಗಂಟೆ, ಕತ್ತಲಾಗುವ ಮೊದಲೇ ಮುಗಿಯಬೇಕು. ಸೋಮವಾರ ಸಂಜೆ ಆರರ ಮೇಲೆ ಆ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆಗ ಮಕ್ಕಳು ಮನೆಯಲ್ಲಿರಬೇಕು. ಕೆಂಪಾಂಬುಧಿ ಕೆರೆಯ ತೆಪ್ಪೋತ್ಸವಕ್ಕೂ ತಂಡ ಕಳಿಸುವುದಿಲ್ಲ. ನೀರು, ಕತ್ತಲು, ನೂಕುನುಗ್ಗಲು ಮೂರೂ ಸೇರಿದ ಕಡೆ ಹೈಸ್ಕೂಲ್ ಮಕ್ಕಳಿಗೆ ಕೆಲಸ ಇಲ್ಲ. ವಾಹನ ನಿಲ್ಲಿಸುವ, ಬಿಡುವ ಕೆಲಸವೂ ನಿಮ್ಮದಲ್ಲ. ಯಾರಾದರೂ ಹಿರಿಯರು ಬಂದು "ಸ್ವಲ್ಪ ಟ್ರಾಫಿಕ್ ನೋಡ್ಕೊಳ್ಳೋ" ಅಂದರೆ, "ನಮ್ಮ ಮಿಸ್ ಬೇಡ ಅಂದಿದ್ದಾರೆ ಸರ್" ಅನ್ನಿ. ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳಿ, ಪರವಾಗಿಲ್ಲ.

ಜನ ಒತ್ತಾಗಿ, ಮುಂದಕ್ಕೂ ಹಿಂದಕ್ಕೂ ಹೋಗಲಾಗದ ಹಾಗೆ ಅನ್ನಿಸಿದರೆ, ಎರಡೂ ಕೈ ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ. ಜನರಿಗೆ ಎದುರಾಗಿ ತಳ್ಳಬೇಡಿ. ಅವರ ಜೊತೆ ಸಾಗುತ್ತಲೇ ಓರೆಯಾಗಿ ಅಂಚಿಗೆ ಬನ್ನಿ. ಬಿದ್ದ ವಸ್ತು ಎತ್ತಲು ಬಗ್ಗಬೇಡಿ, ಅದು ಫೋನೇ ಆಗಿದ್ದರೂ.

ಶನಿವಾರ ಮಾಡುವ ಇನ್ನೊಂದು ಕೆಲಸ ನಕ್ಷೆ. ಡ್ರಾಯಿಂಗ್ ಹಾಳೆ ಹಿಡಿದು ರಾಮಕೃಷ್ಣ ಆಶ್ರಮದ ಕಡೆಯಿಂದ ಬಿಎಂಎಸ್ ಇಂಜಿನಿಯರಿಂಗ್ ಕಾಲೇಜಿನವರೆಗೆ ನಡೆಯಿರಿ. ದೊಡ್ಡ ಬಸವಣ್ಣ, ದೊಡ್ಡ ಗಣಪತಿ, ಬ್ಯೂಗಲ್ ರಾಕ್ ಪಾರ್ಕಿನ ಗೇಟು, ಪೊಲೀಸ್ ಚೌಕಿ, ಆಂಬುಲೆನ್ಸ್ ನಿಲ್ಲುವ ಜಾಗ, ಕುಡಿಯುವ ನೀರು, ಶೌಚಾಲಯ, ಕಸದ ಡಬ್ಬ ಎಲ್ಲ ಗುರುತು ಹಾಕಿ. ಮೆಟ್ರೋಗೆ ದಾರಿ ಕೇಳುವವರು ಬಹಳ, ನ್ಯಾಷನಲ್ ಕಾಲೇಜ್ ಸ್ಟೇಷನ್ ಯಾವ ಕಡೆ ಅಂತ ಬೆರಳು ತೋರಿಸುವಷ್ಟು ಗೊತ್ತಿರಲಿ. ದೊಡ್ಡ ಬಸವಣ್ಣನ ಕಥೆಯೂ ಗೊತ್ತಿರಲಿ. ಇದು ಸುಂಕೇನಹಳ್ಳಿ ಆಗಿದ್ದಾಗ ಕಡಲೆಕಾಯಿ ಹೊಲಕ್ಕೆ ಬಸವ ನುಗ್ಗುತ್ತಿದ್ದನಂತೆ, ರೈತರು ಅವನಿಗೆ ಮೊದಲ ಬೆಳೆ ಕೊಡುವ ಹರಕೆ ಹೊತ್ತರಂತೆ. ಬೇರೆ ಊರಿನವರು ಕೇಳಿದಾಗ ಈ ರಸ್ತೆಯ ಮಕ್ಕಳೇ ಹೇಳಿದರೆ ಎಷ್ಟು ಚೆಂದ ಅಲ್ವಾ?

ಈ ಜಾತ್ರೆಯಲ್ಲಿ ಅತಿ ಎಚ್ಚರಿಕೆ ಬೇಕಾದ ಕೆಲಸ ಕಳೆದುಹೋದ ಮಕ್ಕಳದು. ನಿಧಾನವಾಗಿ ಓದಿ.

ಒಂಟಿಯಾಗಿ ಅಳುತ್ತಿರುವ ಮಗು ಕಂಡರೆ ಇಬ್ಬರು ಹೋಗಿ, ಒಬ್ಬರೇ ಬೇಡ. ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಮಾತಾಡಿಸಿ. ಎತ್ತಿಕೊಳ್ಳಬೇಡಿ, ತಿನ್ನಲು ಏನೂ ಕೊಡಬೇಡಿ. ಐದಾರು ನಿಮಿಷ ಅದೇ ಜಾಗದಲ್ಲೇ ಇರಿ. ಹೆಚ್ಚಿನ ಸಲ ಅಮ್ಮ ನಾಲ್ಕು ಹೆಜ್ಜೆ ಹಿಂದೆಯೇ ಹುಡುಕುತ್ತಿರುತ್ತಾಳೆ. ಯಾರೂ ಬರದಿದ್ದರೆ ಹಿರಿಯ ಸ್ವಯಂಸೇವಕರನ್ನು ಕರೆದು, ಎಲ್ಲರೂ ಸೇರಿ ಪೊಲೀಸ್ ಚೌಕಿಗೆ ಹೋಗಿ. ಮಗುವಿಗೆ ಯಾವ ಭಾಷೆ ಬರುತ್ತದೆ ನೋಡಿ. ನಮ್ಮ ತಂಡದಲ್ಲಿ ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ ಮಕ್ಕಳು ಇದ್ದಾರೆ. ಅವರನ್ನು ಚೌಕಿಯ ಹತ್ತಿರವೇ ನಿಲ್ಲಿಸುತ್ತೇನೆ. ತನ್ನ ಭಾಷೆ ಕಿವಿಗೆ ಬಿದ್ದರೆ ಮಗುವಿನ ಅಳು ಬೇಗ ನಿಲ್ಲುತ್ತದೆ.

"ನಮ್ಮ ಮಗು" ಅಂತ ಯಾರಾದರೂ ಬಂದರೆ ಮಗುವನ್ನು ಕೈಗೆ ಕೊಡಬೇಡಿ. ಕೊಡುವವರು ಪೊಲೀಸರು ಮಾತ್ರ. "ಕೆಂಪು ಅಂಗಿ ಹಾಕಿದ ಚಿಂಟುನಾ?" ಅಂತ ನೀವೇ ಹೇಳಿಬಿಡಬೇಡಿ. ಹೆಸರೇನು, ಅಂಗಿ ಬಣ್ಣ ಏನು, ಕಾಲಲ್ಲಿ ಏನಿತ್ತು, ಅವರೇ ಹೇಳಲಿ. ಮಗು ಅವರನ್ನು ನೋಡಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಗಮನಿಸಿ ಪೊಲೀಸರಿಗೆ ಹೇಳಿ. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದು ಖಂಡಿತ ಬೇಡ. ಮಗು ಸಿಕ್ಕ ಮೇಲೂ ಆ ಫೋಟೋ ವರ್ಷಗಟ್ಟಲೆ ತಿರುಗುತ್ತದೆ. ಮಕ್ಕಳ ಸಹಾಯವಾಣಿ 1098, ಪೊಲೀಸರಿಗೆ 112, ಆಂಬುಲೆನ್ಸಿಗೆ 108. ಈ ಮೂರು ನಂಬರ್ ಬ್ಯಾಡ್ಜಿನ ಹಿಂದೆ ಬರೆದುಕೊಳ್ಳಿ.

ಶನಿವಾರದಿಂದಲೇ ಮಾಡಬಹುದಾದ ಸುಲಭ ಉಪಾಯ ಒಂದಿದೆ. ಪುಟ್ಟ ಮಕ್ಕಳ ಜೊತೆ ಬಂದವರಿಗೆ ಒಂದು ಚೀಟಿ ಕೊಟ್ಟು, ಅಪ್ಪ ಅಥವಾ ಅಮ್ಮನ ಫೋನ್ ನಂಬರ್ ಬರೆಸಿ, ಮಗುವಿನ ಜೇಬಿಗೆ ಹಾಕಿಸಿ. ಹೆಸರು ಬೇಡ, ನಂಬರ್ ಸಾಕು. ಹಾಗೆಯೇ, ಮೂರು ನಾಲ್ಕು ವರ್ಷದ ಮಗುವಿನ ಬಾಯಿಗೆ ಇಡೀ ಬೀಜ ಹಾಕುವವರನ್ನು ಕಂಡರೆ "ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಆಂಟಿ, ಪುಡಿ ಮಾಡಿ ಕೊಡಿ" ಅಂತ ಮೆಲ್ಲಗೆ ಹೇಳಿ. ಸಿಕ್ಕಿಕೊಂಡರೆ ಬೆನ್ನಿಗೆ ಹೊಡೆಯುವ ಕ್ರಮವನ್ನು ಪ್ರಥಮ ಚಿಕಿತ್ಸೆ ಕ್ಲಾಸಿನಲ್ಲಿ ಕಲಿಸುತ್ತೇವೆ. ಕಲಿಯದವರು ಪ್ರಯೋಗ ಮಾಡಬೇಡಿ, ಹಿರಿಯರನ್ನು ಕೂಗಿ ಕರೆಯಿರಿ.

ಇನ್ನು ಕಸ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಿಂದಲೇ ನಿಷೇಧ ಇದೆ. ಆದರೂ ಜನ ಬರಿಗೈಯಲ್ಲಿ ಬರುತ್ತಾರೆ. ನಾವು ಹಳೇ ಸೀರೆ, ಬೆಡ್‌ಶೀಟ್ ತರಿಸಿ ಚೀಲ ಹೊಲಿಯುತ್ತೇವೆ. ಹಿಡಿಕೆಗೆ ಎರಡು ಸಾಲು ಹೊಲಿಗೆ ಹಾಕಿ, ಹಸಿ ಕಾಯಿ ಬಹಳ ಭಾರ. ಚೀಲವನ್ನು ದಾರಿಯಲ್ಲಿ ಹೋಗುವವರಿಗೆಲ್ಲ ಸುಮ್ನೆ ಹಂಚಬೇಡಿ. ರಾಶಿಯ ಪಕ್ಕ ನಿಂತು, ಸೇರು ಅಳೆಯುವ ಹೊತ್ತಿಗೆ ಬಾಯಿ ಬಿಚ್ಚಿ ಹಿಡಿಯಿರಿ. ಕಸದ ಡಬ್ಬದ ಹತ್ತಿರವೂ ಒಬ್ಬರು ನಿಂತೇ ಇರಬೇಕು. ಸಿಪ್ಪೆ, ಜೋಳದ ದಿಂಡು ಹಸಿ ಕಸಕ್ಕೆ. ಕಾಗದ, ಬಾಟಲಿ, ಒಡೆದ ಬಲೂನು ಒಣ ಕಸಕ್ಕೆ. ಬೋರ್ಡ್ ಬರೆದು ನೇತುಹಾಕಿದರೆ ಯಾರೂ ಓದುವುದಿಲ್ಲ, ಪಕ್ಕದಲ್ಲಿ ನಿಂತ ಮಗು "ಅಂಕಲ್, ಇದು ಈ ಕಡೆ" ಅಂದರೆ ಎಲ್ಲರೂ ಕೇಳುತ್ತಾರೆ. ಕೈಗವಸು ಹಾಕಿಕೊಳ್ಳಿ. ಬೆಳಗಿನ ಜಾವ ಬಂದು ರಸ್ತೆ ಗುಡಿಸುವ ಪೌರಕಾರ್ಮಿಕರಿಗೆ ಅಷ್ಟು ಭಾರ ಕಡಿಮೆ.

ತರಬೇಕಾದ್ದು ಕಡಿಮೆ. ಮುಚ್ಚಿದ ಶೂ, ಟೋಪಿ, ನೀರಿನ ಬಾಟಲಿ, ಒಂದು ಡಬ್ಬಿ ಚಿತ್ರಾನ್ನ. ಹೆಣ್ಣುಮಕ್ಕಳು ಒಂದು ಪ್ಯಾಡ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಚಿನ್ನದ ಸರ, ಓಲೆ ಮನೆಯಲ್ಲಿ ಬಿಡಿ. ತಂಡಕ್ಕೊಂದು ಫೋನ್ ಸಾಕು. ವಿಷಲ್ ತಂದರೆ ಪ್ರಯೋಜನ ಇಲ್ಲ, ಊರೆಲ್ಲ ಪೀಪಿ ಊದುತ್ತಿರುವಾಗ ಯಾರಿಗೆ ಕೇಳಿಸುತ್ತದೆ? ಸ್ಕಾರ್ಫ್ ಬಿಚ್ಚಿ ತಲೆಯ ಮೇಲೆ ಬೀಸಿದರೆ ಬನ್ನಿ ಅಂತ ಅರ್ಥ. ತಂಡದವರು ಬೇರೆಯಾದರೆ ಸೇರುವ ಜಾಗ ಬ್ಯೂಗಲ್ ರಾಕ್ ಪಾರ್ಕಿನ ಗೇಟು. ಹುಡುಕುತ್ತಾ ಅಲೆಯಬೇಡಿ, ನೇರ ಅಲ್ಲಿಗೆ ಬನ್ನಿ.

ಸರ್ಟಿಫಿಕೇಟ್ ಬೇಕು ಅನ್ನುವುದು ತಪ್ಪಲ್ಲ. ಪೂರ್ತಿ ಸರದಿ ನಿಂತವರಿಗೆಲ್ಲ ಶಾಲೆಯಿಂದ ಕೊಡುತ್ತೇವೆ. ಸೆಲ್ಫಿ ತೆಗೆದು ಅರ್ಧಕ್ಕೆ ಹೋದವರಿಗೆ ಕೊಡುವುದಿಲ್ಲ, ಅವರು ಯಾರ ಮಗನೇ ಆಗಿರಲಿ, ಮಗಳೇ ಆಗಿರಲಿ.

ಪರಿಷೆ ಮುಗಿದ ವಾರ ಒಂದು ಪಿರಿಯಡ್ ಕೂತು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಶೌಚಾಲಯ ಎಲ್ಲಿ ಸಾಲಲಿಲ್ಲ, ಕುಡಿಯುವ ನೀರು ಯಾವ ಹೊತ್ತಲ್ಲಿ ಖಾಲಿಯಾಯಿತು, ಚೀಲ ಎಷ್ಟು ಬೇಕಿತ್ತು, ರೈತರು ಏನೇನು ಕೇಳಿದರು, ಯಾವುದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ನಿಮ್ಮ ನಕ್ಷೆಯನ್ನೂ ಅದಕ್ಕೇ ಅಂಟಿಸಿ. ಮೊದಲ ಎರಡು ವಿಷಯಗಳನ್ನು ಬೇರೆ ಹಾಳೆಯಲ್ಲಿ ಬರೆದು, ಎಲ್ಲರೂ ಸಹಿ ಮಾಡಿ, ಹೆಡ್‌ಮಾಸ್ಟರ ಮೂಲಕ ದೇವಸ್ಥಾನದ ಕಚೇರಿಗೂ ಪಾಲಿಕೆಗೂ ಕಳಿಸಿ.