ಗುಡ್ಡೆಯ ಕೊಡಸಿಗೆ ತೋಟದ ಬದಿಗೆ

ಹೂವಿನಿಂದ ತಂಬುಳಿ ಮಾಡುವ ಗುಡ್ಡೆಯ ಗಿಡ ಕೊಡಸಿಗೆಯನ್ನು ತೋಟದ ಬದಿಗೆ ತರಲು ಹೊರಟೆ. ಆದರೆ ಹಾಲು ಬಂತೆಂದ ಮಾತ್ರಕ್ಕೆ ಅದು ಕೊಡಸಿಗೆ ಅಲ್ಲ. ನಮ್ಮ ಕಾಸರಗೋಡಿನ ಪೆರ್ಲದ ಕಡೆ ಎಲೆ ಚಿವುಟಿದರೆ ಹಾಲು ಸುರಿಸುವ ಗಿಡಮರಗಳಿಗೆ ಬರವಿಲ್ಲ. ಅದರಲ್ಲೂ ಚನ್ನಪಟ್ಟಣದ ಗೊಂಬೆಗೆ ಒದಗುವ ಹಾಲೆ, ಅಂದರೆ ಬೆಪ್ಪಾಲೆ, ಕೊಡಸಿಗೆಯ ಹಾಗೆಯೇ ಎದುರುಬದುರು ಎಲೆ, ಬಿಳಿ ಹೂ, ಜೋಡಿ ಕೋಡು ಬಿಡುತ್ತದೆ. ನರ್ಸರಿಯೊಂದರಲ್ಲಿ ಕುಡಗಪ್ಪಾಲ (ಕೊಡಸಿಗೆಯ ಮಲಯಾಳಂ ಹೆಸರು) ಕೇಳಿದರೆ ದಂತಪ್ಪಾಲದ ಗಿಡ ಕೈಗಿತ್ತರು. ಅದು ಬೆಪ್ಪಾಲೆಯೇ. ಅದರ ಎಲೆ ಹಾಕಿದ ತೆಂಗಿನೆಣ್ಣೆಯನ್ನು ಬಿಸಿಲಿಗಿಟ್ಟರೆ ನೇರಳೆ ಬಣ್ಣ ಬರುತ್ತದೆ. ಒಳ್ಳೆಯ ಗಿಡವೇ, ಆದರೆ ನನಗೆ ಬೇಕಾದದ್ದು ತಂಬುಳಿಯ ಹೂ.

ಹಾಗಾಗಿ ಗುಡ್ಡೆಯಲ್ಲೇ ಹುಡುಕಿದೆ. ಮಳೆಗೆ ಮೊದಲು ಹೂ ಬಿಟ್ಟಾಗ ಮರ ಗುರುತು ಮಾಡಿಟ್ಟುಕೊಳ್ಳುವುದು ಸುಲಭ. ಬೆಪ್ಪಾಲೆ ಹೂವಿನ ನಡುವೆ ದಾರದ ಕುಚ್ಚಿನಂಥ ಎಸಳು ಇರುತ್ತದೆ, ಕೊಡಸಿಗೆಯದ್ದು ಬೋಳು. ಕೊಡಸಿಗೆಯ ಎಲೆಯೂ ದೊಡ್ಡದು, ನರಗಳು ಎದ್ದು ಕಾಣುತ್ತವೆ. ಬೆಪ್ಪಾಲೆಯ ಎಳೆಯ ಕೋಡುಗಳ ತುದಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಕೊಡಸಿಗೆಯ ಕೋಡುಗಳು ಬಿಡಿಬಿಡಿಯಾಗಿ ಜೋತು ಬೀಳುತ್ತವೆ. ಇಷ್ಟರ ಮೇಲೂ ಅನುಮಾನವಿದ್ದರೆ ಬೀಜದ ಚೂರನ್ನು ನಾಲಗೆಗೆ ಮುಟ್ಟಿಸಿ ಉಗಿಯಿರಿ. ಕೊಡಸಿಗೆ ಕಹಿ, ಬೆಪ್ಪಾಲೆಗೆ ಆ ಕಹಿಯಿಲ್ಲ.

ಕೋಡು ಒಣಗಿ ಬಿರಿದರೆ ಬೀಜ ರೇಷ್ಮೆಕೂದಲಿನ ಕುಚ್ಚಿನೊಂದಿಗೆ ಗಾಳಿಗೆ ಹಾರಿಹೋಗುತ್ತದೆ. ಕಂದು ತಿರುಗಿದ ಕೋಡಿಗೆ ಹಳೆಯ ಬಟ್ಟೆ ಸುತ್ತಿ ಕಟ್ಟಿದೆ. ಕುಚ್ಚು ಕಿತ್ತು, ಮುರಮಣ್ಣಿಗೆ (ಜಂಬಿಟ್ಟಿಗೆ ಮಣ್ಣು) ಹೊಯಿಗೆಯನ್ನೂ (ಮರಳು) ಒಂದಿಷ್ಟು ಹಟ್ಟಿಗೊಬ್ಬರವನ್ನೂ ಬೆರೆಸಿದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ತೆಳ್ಳಗೆ ಮುಚ್ಚಿದೆ. ನೀರು ನಿಂತರೆ ಬೀಜ ಕೊಳೆಯುತ್ತದೆ. ಮೊಳಕೆಗೆ ಹೆಚ್ಚೇನೂ ಕಾಯಿಸಲಿಲ್ಲ.

ಮುಂಗಾರು ಹಿಡಿದ ಮೇಲೆ ಅಡಿಕೆ ತೋಟದ ಮೇಲ್ಬದಿಯ ಮುರಕಲ್ಲಿನ ಜಾಗದಲ್ಲಿ, ಬಿಸಿಲು ಬೀಳುವಲ್ಲಿ ನೆಟ್ಟೆ. ಅಡಿಕೆಯ ನೆರಳಿನಲ್ಲಿ ಇಟ್ಟದ್ದು ಕಡ್ಡಿಯಾಗಿ ಸೊರಗಿತು. ಚಳಿಗಾಲಕ್ಕೆ ಎಲೆ ಉದುರಿಸಿದಾಗ ಮನೆಯವರು ಸತ್ತಿತೆಂದು ಕಿತ್ತುಬಿಡದಂತೆ ಕೋಲು ಊರಿಟ್ಟುಕೊಳ್ಳಿ!

ಕೊಡಸಿಗೆಯ ತೊಗಟೆಗೆ ಕುಟಜಾರಿಷ್ಟದಂಥ ಆಯುರ್ವೇದ ಔಷಧಿಗಳಿಂದಾಗಿ ಬೇಡಿಕೆ ಇರುವುದರಿಂದ ಗುಡ್ಡೆಯ ಮರಗಳ ಬುಡ ಕೆತ್ತಿಹೋಗಿರುತ್ತದೆ. ಕಡಿದರೂ ಬುಡದಿಂದ ಚಿಗುರುವ ಜಾತಿ ಇದು ಎಂಬುದೇ ಸಮಾಧಾನ. ನಾನು ಆ ಗುಣವನ್ನೇ ನೆಚ್ಚಿಕೊಂಡು ಹೂ ಮುಗಿದ ಮೇಲೆ ತುದಿ ಕತ್ತರಿಸುತ್ತೇನೆ. ಗಿಡ ಕೈಗೆಟಕುವಷ್ಟೇ ಎತ್ತರದಲ್ಲಿ ಕವಲೊಡೆಯುತ್ತದೆ. ಕೊಯ್ದ ಹೂವನ್ನು ನೆರಳಲ್ಲಿ ಒಣಗಿಸಿ ಭರಣಿಯಲ್ಲಿಟ್ಟರೆ ಮಳೆಗಾಲದ ಆಟಿ ತಿಂಗಳಿಗೆ ಒದಗುತ್ತದೆ: ತುಪ್ಪದಲ್ಲಿ ಜೀರಿಗೆಯೊಂದಿಗೆ ಹುರಿದು, ತೆಂಗಿನಕಾಯಿ ಸೇರಿಸಿ ಅರೆದು, ಮಜ್ಜಿಗೆಗೆ ಕದಡಿದರೆ ತಂಬುಳಿ.