ಲೇಬಲ್ ಮುಚ್ಚಿ ವೋಡ್ಕಾ ರುಚಿ ನೋಡುವುದು

ಕಾರವಾರದ ಕಡಲ ಬದಿಯ ಹೋಟೆಲೊಂದರಲ್ಲಿ ನಾನು ಬಾರ್ ನೋಡಿಕೊಳ್ಳುತ್ತೇನೆ. ಹೊಸ ವೋಡ್ಕಾ ಬಂದರೆ ರುಚಿ ನೋಡುವ ತನಕ ಅದನ್ನು ಫ್ರಿಜ್‌ಗೆ ಹಾಕುವುದಿಲ್ಲ. ತಣ್ಣಗಾದರೆ ಕೆಟ್ಟ ವಾಸನೆಯೂ ಅಡಗುತ್ತದೆ, ಒಳ್ಳೆಯ ರುಚಿಯೂ ಅಡಗುತ್ತದೆ. ಬಾಟಲಿಗಳಿಗೆ ಪೇಪರ್ ಸುತ್ತಿ, ಸುರಿಯುವ ಕೆಲಸ ಜೊತೆಗಾರನಿಗೆ ಬಿಡುತ್ತೇನೆ. ಬೆಲೆ ಗೊತ್ತಿದ್ದರೆ ದುಬಾರಿಯದೇ ರುಚಿ ಅನ್ನಿಸಿಬಿಡುತ್ತದೆ, ಅಲ್ವಾ?

ನಮ್ಮ ದೇಶದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಶೇ 42.8, ಹೊರಗಿನವುಗಳಲ್ಲಿ ಹೆಚ್ಚಾಗಿ ಶೇ 40. ಹಾಗೇ ಹೋಲಿಸಿದರೆ ನಮ್ಮದು ಗಂಟಲಿಗೆ ಜಾಸ್ತಿ ಉರಿ. ಅದಕ್ಕೇ ನಮ್ಮದರ 30 ಎಂಎಲ್‌ಗೆ 2 ಎಂಎಲ್ ನೀರು ಹಾಕಿ ಸಮ ಮಾಡುತ್ತೇನೆ. ಆಮೇಲೆ ಎರಡಕ್ಕೂ ಅರ್ಧಕ್ಕರ್ಧ ನೀರು. ಉರಿ ಇಳಿದ ಮೇಲೆಯೇ ಮೂಗಿಗೆ ವ್ಯತ್ಯಾಸ ಸಿಗುವುದು.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದ ಸ್ಪಿರಿಟ್‌ನಲ್ಲಿ ನನಗೆ ಸುಟ್ಟ ಬೆಲ್ಲದ ಎಳೆಯೊಂದು ಸಿಗುತ್ತದೆ. ಸ್ವೀಡನ್ನಿನ ಆಬ್ಸಲೂಟ್ ಗೋಧಿಯದು, ಮೃದು. ಪೋಲೆಂಡಿನ ಬೆಲ್ವೆಡೇರ್ ರೈ ಧಾನ್ಯದ್ದು, ಸ್ವಲ್ಪ ಖಾರ. ಆಲೂಗಡ್ಡೆಯದು ಬಾಯಲ್ಲಿ ದಪ್ಪ.

‘ಐದು ಸಲ ಬಟ್ಟಿ ಇಳಿಸಿದ್ದು’ ಎಂಬ ಲೇಬಲ್‌ಗೆ ನಾನು ಮರುಳಾಗುವುದಿಲ್ಲ. ಬಟ್ಟಿ ಇಳಿಸುವ ಎತ್ತರದ ಕಂಬದಂಥ ಪಾತ್ರೆಯಲ್ಲಿ (ಕಾಲಂ) ತಟ್ಟೆಯ ಮೇಲೆ ತಟ್ಟೆ ಇರುತ್ತದೆ. ಪ್ರತಿ ತಟ್ಟೆಯಲ್ಲೂ ಸ್ಪಿರಿಟ್ ಆವಿಯಾಗಿ ಮತ್ತೆ ತಣಿಯುತ್ತದೆ, ಕೊನೆಗೆ ಶೇ 95–96ಕ್ಕೆ ಮುಟ್ಟುತ್ತದೆ. ಹಾಗಾಗಿ ಎಷ್ಟು ಸಲ ಎಂಬ ಲೆಕ್ಕಕ್ಕಿಂತ, ಬೇಡದ ವಾಸನೆಗಳನ್ನು ಅಲ್ಲಿ ಎಷ್ಟು ಚೆನ್ನಾಗಿ ಬೇರೆ ಮಾಡಿದರು ಎಂಬುದರ ಮೇಲೆ ರುಚಿ ನಿಂತಿದೆ.

ಇನ್ನು ನೀರು. ಬಾಟಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಇದೆ! 2010ರಲ್ಲಿ ಸಿನ್ಸಿನಾಟಿ ಮತ್ತು ಮಾಸ್ಕೋ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಬೇರೆ ಬೇರೆ ಬ್ರ್ಯಾಂಡ್ ಪರೀಕ್ಷಿಸಿದ್ದರು. ಆಲ್ಕೋಹಾಲ್ ಸುತ್ತ ನೀರಿನ ಅಣುಗಳು ಕೂಡಿಕೊಳ್ಳುವ ರೀತಿ ಎಲ್ಲದರಲ್ಲೂ ಒಂದೇ ಇರಲಿಲ್ಲ. ಜನರ ಇಷ್ಟಕ್ಕೆ ಇದೂ ಕಾರಣವಿರಬಹುದು ಎಂದರು. ನನ್ನ ಕೈಯಲ್ಲಿರುವುದು ಐಸ್ ಮಾತ್ರ. ಬೇಸಿಗೆ ಬಂತೆಂದರೆ ನಮ್ಮ ಕಡಲ ಹತ್ತಿರದ ಬಾವಿಗಳ ನೀರು ಉಪ್ಪಾಗುತ್ತದೆ. ಆ ನೀರಿನ ಐಸ್ ಹಾಕಿದರೆ ಎಂಥ ವೋಡ್ಕಾವೂ ಕೆಡುತ್ತದೆ. ಹಾಗಾಗಿ ಫಿಲ್ಟರ್ ನೀರಿನದೇ ಐಸ್ ಮಾಡಿಸುತ್ತೇನೆ.

ಮುರುಗಲು ರಸ, ಸೋಡಾ ಬೆರೆಸಿ ಕೇಳುವವರಿಗೆ ನಮ್ಮ ದೇಶದ ಧಾನ್ಯದ ವೋಡ್ಕಾನೇ ಸಾಕು ಎಂದು ನೇರವಾಗಿ ಹೇಳುತ್ತೇನೆ. ಆ ಹುಳಿಯ ಮುಂದೆ ಗೋಧಿ, ರೈ ಯಾವುದೂ ಗೊತ್ತಾಗುವುದಿಲ್ಲ. ಸುಮ್ನೆ ದುಡ್ಡು ಯಾಕೆ? ಬರೀ ನೀರು ಹಾಕಿ ನಿಧಾನ ಕುಡಿಯುವವರಿಗೆ ಮಾತ್ರ ರೈಯದನ್ನು ತೆಗೆದುಕೊಡುತ್ತೇನೆ.